‘ನ್ಯಾನೋ’ ಅಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ

ಗೊಬ್ಬರದ ಅಂಗಡಿಗೆ ಹೋದರೆ ಈಗ ಎಲ್ಲೆಲ್ಲೂ ‘ನ್ಯಾನೋ’. ನಾನು ತೋಟಗಾರಿಕೆ ಓದಿದವನು, ಸಾವಯವ ತರಕಾರಿ ಬೆಳೆದು ಬೆಂಗಳೂರಿನ ವಿಮಾನಪುರದ ಮನೆಗಳಿಗೆ ಕೊಡ್ತೀನಿ. ನನ್ನನ್ನೂ ಗೆಳೆಯರು ಕೇಳ್ತಾರೆ: ಇದು ನಿಜಾನಾ, ಮೋಸಾನಾ? ನನ್ನ ಅಭಿಪ್ರಾಯ ಇಷ್ಟು: ರೋಗ ಪತ್ತೆ ಹಚ್ಚುವ ನ್ಯಾನೋ ಕೆಲಸಕ್ಕೆ ಬರುತ್ತೆ. ‘ನೇರ ಗುರಿಗೇ ತಲುಪಿಸ್ತೀನಿ’ ಅನ್ನುವ ನ್ಯಾನೋಗೆ ಮೊದಲು ಲೆಕ್ಕ ಕೇಳಿ.

ಕೋವಿಡ್ ರ‍್ಯಾಪಿಡ್ ಟೆಸ್ಟ್ ಪಟ್ಟಿ ನೋಡಿದ್ದೀರಲ್ಲ? ಅಂಥ ಪಟ್ಟಿಗಳ ಕೆಂಪು ಗೆರೆ ಬಹುತೇಕ ಚಿನ್ನದ ನ್ಯಾನೋ ಕಣಗಳದ್ದು. ಕಣಕ್ಕೆ ಅಂಟಿಸಿದ ಪ್ರತಿಕಾಯ ತನ್ನ ವೈರಸ್ಸಿನ ಪ್ರೋಟೀನನ್ನು ಬೀಗಕ್ಕೆ ಕೀಲಿ ಕೂತ ಹಾಗೆ ಹಿಡಿದುಕೊಳ್ಳುತ್ತೆ. ಗಿಡದ ವೈರಸ್ಸಿಗೂ ಇಂಥ ಪಟ್ಟಿಗಳಿವೆ. ಎಲೆ ಅರೆದ ರಸದಲ್ಲಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಉತ್ತರ.

ಇದು ಯಾಕೆ ಮುಖ್ಯ? ವೈರಸ್ ಹೊಕ್ಕ ಗಿಡಕ್ಕೆ ಔಷಧಿ ಇಲ್ಲ. ಪಪ್ಪಾಯಿ ಉಂಗುರ ಚುಕ್ಕೆ ರೋಗವನ್ನು ಸಸ್ಯಹೇನು ಹರಡುತ್ತೆ. ಬೇಗ ಗೊತ್ತಾದರೆ ಆ ಗಿಡ ಕಿತ್ತು ಉಳಿದದ್ದನ್ನು ಕಾಪಾಡಬಹುದು, ಸುಮ್ಮನೆ ಸಿಂಪಡಿಸುವ ಖರ್ಚೂ ಉಳಿಯುತ್ತೆ. ಆದರೆ ಪಟ್ಟಿ ತನಗೆ ಗೊತ್ತಿರುವ ವೈರಸ್ಸನ್ನು ಮಾತ್ರ ಹಿಡಿಯುತ್ತೆ. ಗೆರೆ ಬರಲಿಲ್ಲ ಅಂದರೆ ಗಿಡ ಆರೋಗ್ಯವಾಗಿದೆ ಅಂತಲ್ಲ. ಕಂಟ್ರೋಲ್ ಗೆರೆಯೇ ಬರದಿದ್ದರೆ ಪಟ್ಟಿ ಕೆಟ್ಟಿದೆ, ಬಿಸಾಡಿ.

ಇನ್ನು ನ್ಯಾನೋ ಯೂರಿಯಾ. 2021ರಲ್ಲಿ ಇಫ್ಕೋ ತಂದ 500 ಮಿ.ಲೀ. ಬಾಟಲಿ 45 ಕೆ.ಜಿ. ಮೂಟೆಗೆ ಸಮ ಅಂದರು. ಬಾಟಲಿಯಲ್ಲಿದ್ದ ಸಾರಜನಕ ಶೇ. 4, ಅಂದರೆ ಸುಮಾರು 20 ಗ್ರಾಂ. ಮೂಟೆಯಲ್ಲಿ ಶೇ. 46, ಅಂದರೆ 20 ಕೆ.ಜಿ.ಗೂ ಹೆಚ್ಚು. ಮೂಟೆಯ ಮೂರರಲ್ಲಿ ಎರಡು ಪಾಲು ಪೋಲಾದರೂ ಸುಮಾರು 7 ಕೆ.ಜಿ. ಬೆಳೆಗೆ ಉಳಿಯುತ್ತೆ. ಬಾಟಲಿಯದ್ದು ಒಂದು ಹನಿ ಪೋಲಾಗದಿದ್ದರೂ 20 ಗ್ರಾಂ 20 ಗ್ರಾಮೇ. ಆಮೇಲೆ ಗಟ್ಟಿ ಬಾಟಲಿಗಳು ಬಂದಿವೆ, ಶೇ. 20 ಅಂತ ಹಿಡಿದರೂ 100 ಗ್ರಾಂ ಆಸುಪಾಸು. 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಈ ಹೇಳಿಕೆಗಳನ್ನು ಪ್ರಶ್ನಿಸಿ ಬರೆದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಭತ್ತ, ಗೋಧಿಯ ಇಳುವರಿ ಕುಸಿದಿತ್ತು.

ಹಾಗಂತ ಮೂಟೆಗಟ್ಟಲೆ ಯೂರಿಯಾ ಸುರೀರಿ ಅಂತ ಹೇಳ್ತಿಲ್ಲ. ನಾನು ಹಸಿರೆಲೆ ಗೊಬ್ಬರ, ಕಾಂಪೋಸ್ಟ್ ನೆಚ್ಚಿಕೊಂಡವನು. ಯಾವ ದಾರಿ ಹಿಡಿದರೂ ಮಣ್ಣಿನಿಂದ ಬೆಳೆ ಒಯ್ದ ಸಾರಜನಕ ಎಲ್ಲಿಂದಲಾದರೂ ವಾಪಸ್ ಬರಲೇಬೇಕು.

ಮುಂದೆ ಯಾರಾದರೂ ನ್ಯಾನೋ ಬಾಟಲಿ ಕೊಟ್ಟರೆ ಮೂರು ಪ್ರಶ್ನೆ ಕೇಳಿ: ಒಳಗೆ ಏನಿದೆ, ಎಷ್ಟು ಗ್ರಾಂ? ಗಿಡದಲ್ಲಿ ಅದು ಯಾವುದಕ್ಕೆ ಹೋಗಿ ಅಂಟುತ್ತೆ? ಮಾರುವವರನ್ನು ಬಿಟ್ಟು ಬೇರೆ ಯಾರು ಪರೀಕ್ಷಿಸಿದ್ದಾರೆ? ಉತ್ತರ ಸರಿ ಅನಿಸಿದರೂ ಮೊದಲು ನಾಲ್ಕು ಸಾಲಿಗೆ ಮಾತ್ರ ಹೊಡೆಯಿರಿ, ಪಕ್ಕದ ನಾಲ್ಕು ಸಾಲು ಹಾಗೇ ಬಿಡಿ. ಕೊಯ್ಲಿನ ದಿನ ಎರಡನ್ನೂ ತೂಕ ಹಾಕಿ ನೋಡಿ, ಆಮೇಲೆ ತೀರ್ಮಾನ ಮಾಡಿ.