ಹಾಳೆಗೊಂದು, ಕಾಲಿಗೊಂದು

ಮಕ್ಕಳೇ, ಶಾಲೆಯ ಸಮಾರಂಭಗಳಲ್ಲಿ ಭಾಷಣಕಾರರು ಹಾಳೆ ಇಟ್ಟುಕೊಳ್ಳಲು ಇಳಿಜಾರು ಹಲಗೆಯ ಎತ್ತರದ ಮೇಜೊಂದು ಇರುತ್ತದಲ್ಲ, ಅದಕ್ಕೇನು ಹೆಸರು? ‘ಪೋಡಿಯಂ’ ಅಂದಿರಿ ತಾನೇ? ಈಗ ಬಹಳ ಜನ ಹಾಗೇ ಅನ್ನುತ್ತಾರೆ. ಆದರೆ ಅದರ ಮೂಲ ಹೆಸರು ಲೆಕ್ಟರ್ನ್. ‘ಓದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ನಮ್ಮಲ್ಲೂ ಪುರಾಣ ಓದುವವರು ಗ್ರಂಥ ಇಡಲು ಮರದ ವ್ಯಾಸಪೀಠ ಬಳಸುತ್ತಾರೆ. ಇವೆರಡೂ ಒಂದೇ ಮನೆತನದವು!

ಹಾಗಾದರೆ ಪೋಡಿಯಂ ಯಾವುದು? ಕಾಲಿಟ್ಟು ನಿಲ್ಲುವ ಪುಟ್ಟ ಕಟ್ಟೆ. ಗ್ರೀಕ್ ಭಾಷೆಯ ‘ಪಾದ’ ಇದರ ಮೂಲ. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರು ಹತ್ತಿ ನಿಲ್ಲುವುದು ಇದನ್ನೇ. ಅತಿಥಿಗಳು ಸಾಲಾಗಿ ಕೂರುವ ವೇದಿಕೆ ಡಯಾಸ್. ರೋಸ್ಟ್ರಂ ಅಂದರೆ ಲ್ಯಾಟಿನ್‌ನಲ್ಲಿ ಕೊಕ್ಕು! ಕ್ರಿ.ಪೂ. 338ರಲ್ಲಿ ಆಂಟಿಯಂ ಊರನ್ನು ಗೆದ್ದ ರೋಮನ್ನರು, ವೈರಿ ಹಡಗುಗಳ ಕೊಕ್ಕಿನಂಥ ಮೂತಿಗಳನ್ನು ತಂದು ತಮ್ಮ ಭಾಷಣದ ಕಟ್ಟೆಗೆ ಸಿಕ್ಕಿಸಿದರು. ಹೆಸರು ಅಲ್ಲಿಂದ ಬಂತು.

ಹೆಸರು ಏನಾದರೇನು ಅನ್ನಬೇಡಿ. 1991ರಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅಮೆರಿಕದ ಶ್ವೇತಭವನದಲ್ಲಿ ಮಾತಾಡಿದರು. ಲೆಕ್ಟರ್ನ್ ಇದ್ದದ್ದು ಆರಡಿಗೂ ಮೀರಿದ ಅಧ್ಯಕ್ಷ ಬುಷ್ ಅವರ ಅಳತೆಗೆ. ರಾಣಿಗೆ ನಿಲ್ಲಲು ಮೆಟ್ಟಿಲು ಇಡುವುದು ಮರೆತುಹೋಗಿತ್ತು. ಟಿ.ವಿ.ಯಲ್ಲಿ ಮೈಕುಗಳ ಹಿಂದೆ ಕಂಡದ್ದು ಹೆಚ್ಚಾಗಿ ಅವರ ಟೋಪಿ! ಎರಡು ದಿನದ ಬಳಿಕ ಅಲ್ಲಿನ ಸಂಸತ್ತಿನಲ್ಲಿ, ‘ಇವತ್ತಾದರೂ ನಾನು ಕಾಣಿಸುತ್ತೇನೆ ತಾನೇ’ ಎಂಬರ್ಥದ ಮಾತಾಡಿ ರಾಣಿ ಎಲ್ಲರನ್ನೂ ನಗಿಸಿದರು.

ರಾಣಿಯೇನೋ ನಕ್ಕು ಗೆದ್ದರು. ಆದರೆ ವಾರವಿಡೀ ಭಾಷಣ ಬಾಯಿಪಾಠ ಮಾಡಿದ ಮೂರನೇ ತರಗತಿಯ ಮಗು ಮರದ ಪೆಟ್ಟಿಗೆಯ ಹಿಂದೆ ಮರೆಯಾಗಿ, ಸಭೆ ಗೊಳ್ಳೆಂದರೆ? ಆ ಮಗು ಮತ್ತೆ ವೇದಿಕೆ ಹತ್ತಲು ಹೆದರಬಹುದು. ಆದ್ದರಿಂದ ಮೇಷ್ಟ್ರೇ, ಅಪ್ಪ ಅಮ್ಮಂದಿರೇ, ಅಲುಗಾಡದ ಒಂದು ಮಣೆಯನ್ನೋ ಮೆಟ್ಟಿಲನ್ನೋ ಮೊದಲೇ ಇಡಿ. ಅದೂ ಇಲ್ಲವೇ? ಮಗುವನ್ನು ಲೆಕ್ಟರ್ನ್ ಪಕ್ಕಕ್ಕೆ ಕರೆತಂದು ಕೈಗೆ ಮೈಕು ಕೊಡಿ.

ಮಕ್ಕಳೇ, ನಿಮಗೂ ಎರಡು ಮಾತು. ಮೈಕನ್ನು ಬಡಿಯಬೇಡಿ, ಊದಬೇಡಿ. ‘ನಮಸ್ಕಾರ’ ಅಂದರೆ ಸಾಕು, ಪರೀಕ್ಷೆಯೂ ಆಯಿತು, ಮರ್ಯಾದೆಯೂ ಆಯಿತು. ಮೈಕು ಕುಂಯ್ ಎಂದರೆ ಗಾಬರಿ ಬೇಡ. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ನುಗ್ಗಿ ಸುತ್ತುಹೊಡೆಯುವುದರಿಂದ ಹಾಗಾಗುತ್ತದೆ. ಸ್ಪೀಕರ್ ಪೆಟ್ಟಿಗೆಗಳು ನಿಮಗಿಂತ ಮುಂದಿದ್ದು, ಸಭಿಕರತ್ತ ಮುಖ ಮಾಡಿರಲಿ.

ಹಾಳೆಗೆ ಲೆಕ್ಟರ್ನ್, ಕಾಲಿಗೆ ಪೋಡಿಯಂ. ಮುಂದಿನ ರಾಜ್ಯೋತ್ಸವಕ್ಕೆ ನಿಮ್ಮ ದನಿಯ ಜೊತೆ ಮುಖವೂ ಕಾಣಲಿ!