ಮಧುರಚೆನ್ನ: ಹಾಡಿನ ಸಂಗ್ರಾಹಕನ ಮರೆಯಲ್ಲಿ ನಿಂತ ಕವಿ

ಮಸೂತಿ (ವಿಜಯಪುರ ಜಿಲ್ಲೆ): ಬಸವನ ಬಾಗೇವಾಡಿ ಸೀಮೆಯ ಈ ಭಾಗಕ್ಕೆ ಇಂದು ಗುರುತು ನೀಡಿರುವುದು ಕೂಡಗಿಯ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ. ವಿದ್ಯುತ್ತು ಬಂದು ಹಿಟ್ಟಿನ ಗಿರಣಿ ತಿರುಗತೊಡಗಿದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಕಲ್ಲಿನೊಡನೆ ಬೀಸುವ ಪದಗಳೂ ಹಿಂದೆ ಸರಿದವು. ಆ ಪದಗಳನ್ನು ಕಾಲ ಮೀರುವ ಮುನ್ನವೇ ಬರೆದಿಟ್ಟುಕೊಂಡವರು ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು. ಅವರ ಮುಂಚೂಣಿಯಲ್ಲಿದ್ದವರು ಮಧುರಚೆನ್ನ.

ಚೆನ್ನಮಲ್ಲಪ್ಪ ಗಲಗಲಿ ಅವರ ಕಾವ್ಯನಾಮವೇ ಮಧುರಚೆನ್ನ. ಇಂಡಿ ತಾಲ್ಲೂಕಿನ ಹಿರೇಲೋಣಿಯಲ್ಲಿ 1903ರ ಜುಲೈ 31ರಂದು ಜನಿಸಿದ ಅವರು ಬಾಳಿದ್ದು ಹಲಸಂಗಿಯಲ್ಲಿ. ಅಂದು ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿಯ ಪ್ರಭಾವ ದಟ್ಟವಾಗಿತ್ತು. ಆದರೆ ಹಲಸಂಗಿ ಬರಡು ನೆಲವೇನಲ್ಲ, ಲಾವಣಿಕಾರ ಖಾಜಾಭಾಯಿಯ ಊರು ಅದು. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮತ್ತು ಮಧುರಚೆನ್ನ ಒಂದಾದಾಗ ಜಾತಿ ಮತದ ಲೆಕ್ಕ ಅಡ್ಡ ಬರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಅದನ್ನು ಹಿಂಬಾಲಿಸಿದವು. ವಿಶ್ವವಿದ್ಯಾಲಯಗಳಲ್ಲಿ ಜಾನಪದ ವಿಭಾಗಗಳು ತೆರೆಯುವುದಕ್ಕೆ ದಶಕಗಳ ಮೊದಲು ನಡೆದ ಕೆಲಸವಿದು.

ಈ ಕೀರ್ತಿಯೇ ಕವಿಗೆ ತೊಡಕಾಯಿತು. ಪಠ್ಯ ಮತ್ತು ಭಾಷಣಗಳಲ್ಲಿ ಮಧುರಚೆನ್ನರ ಹೆಸರು ಸಂಗ್ರಾಹಕರ ಸಾಲಿನಲ್ಲಿ ಬಂದು ಹೋಗುತ್ತದೆ. 'ನನ್ನ ನಲ್ಲ'ದ ಕವಿಯನ್ನು ನವೋದಯದ ಮೊದಲ ಪಂಕ್ತಿಯಲ್ಲಿ ಕೂರಿಸಲು ವಿಮರ್ಶೆ ಹಿಂಜರಿಯುತ್ತದೆ. ಅವರ ಅನುಭಾವದ ಬರಹ ಮತ್ತೊಂದು ಕಾರಣ. 'ಪೂರ್ವರಂಗ', 'ಕಾಳರಾತ್ರಿ', 'ಬೆಳಗು' ಕೃತಿಗಳಲ್ಲಿ ಅವರು ತಮ್ಮ ಅಂತರಂಗದ ಶೋಧನೆಯನ್ನೇ ದಾಖಲಿಸಿದರು. ಶ್ರೀ ಅರವಿಂದರನ್ನು ಗುರುವೆಂದು ಒಪ್ಪಿಕೊಂಡರು. ಹೀಗಾಗಿ ಸಾಧಕರು ಅವರನ್ನು ಸಾಧಕನೆಂದು ಓದಿದರು, ಜಾನಪದ ವಿದ್ವಾಂಸರು ಸಂಗ್ರಾಹಕನೆಂದು. ಕಾವ್ಯದ ಓದುಗ ನಡುವೆ ಉಳಿದ.

ಈ ವಿಂಗಡಣೆ ಸರಿಯಲ್ಲ. ದೈವವನ್ನು ನಲ್ಲನೆಂದು ಕರೆಯುವ ರೀತಿ ಬಸವಣ್ಣನ ಈ ನಾಡಿಗೆ ಹೊಸದಲ್ಲ. ಶರಣಸತಿ, ಲಿಂಗಪತಿ ಎಂಬ ಭಾವ ವಚನಕಾರರದೇ. ಮಧುರಚೆನ್ನ ಅದಕ್ಕೆ ಕೊಟ್ಟದ್ದು ಗರತಿಯ ದನಿ. ತವರನ್ನು ನೆನೆಯುವ ಹೆಣ್ಣಿನ ಹಂಬಲ, ಅವಳ ನೇರ ಮಾತು ಅವರ ಅನುಭಾವದ ಭಾಷೆಯಾದವು. ಹಾಡು ಸಂಗ್ರಹಿಸದಿದ್ದರೆ ಆ ಕವಿತೆ ಹುಟ್ಟುತ್ತಿರಲಿಲ್ಲ. ಧಾರವಾಡದ ಬೇಂದ್ರೆ ಹಲಸಂಗಿಯ ಗೆಳೆತನವನ್ನು ಅಷ್ಟೊಂದು ಹಚ್ಚಿಕೊಂಡದ್ದು ಸುಮ್ಮನಲ್ಲ.

1953ರ ಆಗಸ್ಟ್ 15ರಂದು, ಅರವಿಂದರ ಜನ್ಮದಿನದಂದೇ, ಮಧುರಚೆನ್ನ ನಿಧನರಾದರು. ಐವತ್ತು ತುಂಬಿ ಹದಿನೈದು ದಿನಗಳಾಗಿದ್ದವು. ಗೆಳೆಯ ಸಿಂಪಿ ಲಿಂಗಣ್ಣ 1993ರಲ್ಲಿ ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯವರೆಗೆ ನಡೆದರು. ಮಧುರಚೆನ್ನರಿಗೆ ಆ ಆಯುಷ್ಯ ದೊರೆಯಲಿಲ್ಲ.

ಸ್ಮಾರಕ, ಪ್ರಶಸ್ತಿಗಳ ಬೇಡಿಕೆ ಎಲ್ಲ ಕವಿಗಳ ವಿಷಯದಲ್ಲೂ ಕೇಳಿಬರುವಂಥದೇ. ತುರ್ತಿನ ಕೆಲಸ ಬೇರೆ ಇದೆ. ಗರತಿಯ ಹಾಡುಗಳ ಮಾತು ಅಚ್ಚಿನಲ್ಲಿ ಉಳಿದಿದೆ, ಧಾಟಿ ಅಚ್ಚಿಗೆ ಸಿಗದು. ಅದನ್ನು ಬಲ್ಲ ಅಜ್ಜಿಯಂದಿರು ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ಇರುವಾಗಲೇ, 'ನನ್ನ ನಲ್ಲ'ವನ್ನೂ ಅದೇ ಧಾಟಿಯಲ್ಲಿ ಹಾಡಿಸಿ ಧ್ವನಿಮುದ್ರಿಸಬೇಕಿದೆ.