ಬಾಂಬು ಸಿಡಿದ ಜಾಗ ನೋಡಿ ಪರಿಹಾರ

ಮುಂಬೈ ದಾಳಿ ನಡೆದು ಮೂರು ವಾರವಾಗಿತ್ತಷ್ಟೆ. 2008ರ ಡಿಸೆಂಬರ್ 17ರಂದು ಲೋಕಸಭೆ ಎರಡು ಮಸೂದೆಗಳಿಗೆ ಒಂದೇ ದಿನ ಒಪ್ಪಿಗೆ ಕೊಟ್ಟಿತು. ಒಂದರಿಂದ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಹುಟ್ಟಿತು, ಇನ್ನೊಂದರಿಂದ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಬಿಗಿಯಾಯಿತು. ಆರೋಪಪಟ್ಟಿ ಇಲ್ಲದೆ 180 ದಿನ ಒಳಗಿಡಬಹುದೇ, ಜಾಮೀನಿಗೆ ಇಷ್ಟು ಕಟ್ಟುನಿಟ್ಟು ಬೇಕೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಮುಗಿಯಬಾರದು ಕೂಡ. ಆದರೆ ಸತ್ತವರ ಮನೆಯವರಿಗೆ ಏನು ಸಲ್ಲಬೇಕು ಎಂದು ಹೇಳುವ ಒಂದೇ ಒಂದು ಸೆಕ್ಷನ್ ಆ ಎರಡೂ ಕಾಯ್ದೆಗಳಲ್ಲಿ ಇಲ್ಲ. ಉಗ್ರರ ಆಸ್ತಿ ಮುಟ್ಟುಗೋಲಾದರೆ ಅದೂ ಸೇರುವುದು ಸರ್ಕಾರದ ಬೊಕ್ಕಸಕ್ಕೆ.

ಸಂತ್ರಸ್ತರಿಗೆ ಉಳಿದದ್ದು ಗೃಹ ಸಚಿವಾಲಯದ ಒಂದು ನೆರವು ಯೋಜನೆ. ಪ್ರಾಣ ಹೋದರೆ 2008ರಲ್ಲಿ 3 ಲಕ್ಷ ರೂಪಾಯಿ ಇದ್ದದ್ದು 2016ರಲ್ಲಿ 5 ಲಕ್ಷವಾಯಿತು. ಇದರ ಜತೆಗೆ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಸೆಕ್ಷನ್ ಬಂತು. ಈಗ ಅದು, ಆ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 396ನೇ ಸೆಕ್ಷನ್. ಅಪರಾಧಿ ಪತ್ತೆಯಾಗದಿದ್ದರೂ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎಂಬುದು ಅದರ ದೊಡ್ಡ ಗುಣ. ಮುಂಬೈ ಲೋಕಲ್ ರೈಲುಗಳಲ್ಲಿ 2006ರಲ್ಲಿ ಬಾಂಬು ಸಿಡಿದ ಪ್ರಕರಣದ 12 ಮಂದಿಯನ್ನು ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿದ್ದು 2025ರಲ್ಲಿ. ತೀರ್ಪು ಬರಲಿ ಎಂದು ಕೂತಿದ್ದರೆ ಸಂತ್ರಸ್ತರ ಮಕ್ಕಳು ಅಷ್ಟರಲ್ಲಿ ದೊಡ್ಡವರೇ ಆಗಿಬಿಟ್ಟಿರುತ್ತಿದ್ದರು. ಆದರೆ ಈ ಸೆಕ್ಷನ್ನಿನಡಿ ಮೊತ್ತ ನಿಗದಿ ಮಾಡುವುದು ಆಯಾ ರಾಜ್ಯದ ಯೋಜನೆ. ರಾಜ್ಯ ಬದಲಾದರೆ ಲೆಕ್ಕವೂ ಬದಲು.

ವಿಚಿತ್ರವೆಂದರೆ, ಒಳ್ಳೆಯ ಮಾದರಿ ನಮ್ಮ ಕಾನೂನಿನಲ್ಲೇ ಇದೆ. 1989ರ ರೈಲ್ವೆ ಕಾಯ್ದೆ ರೈಲಿನಲ್ಲಿ, ನಿಲ್ದಾಣದಲ್ಲಿ ನಡೆಯುವ ಭಯೋತ್ಪಾದಕ ಕೃತ್ಯವನ್ನು ಪರಿಹಾರದ ವ್ಯಾಪ್ತಿಗೆ ತಂದಿದೆ. ರೈಲ್ವೆಯದೇ ತಪ್ಪು ಎಂದು ಯಾರೂ ಸಾಬೀತು ಮಾಡಬೇಕಿಲ್ಲ. ರೈಲ್ವೆ ಕ್ಲೇಮುಗಳ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿದರಾಯಿತು. ಪ್ರಾಣ ಹೋದರೆ 2017ರಿಂದ 8 ಲಕ್ಷ. ಇದು ಹಕ್ಕು, ಯಾರ ದಯೆಯೂ ಅಲ್ಲ.

2014ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಸ್ಫೋಟವಾಗಿ ಮಹಿಳೆಯೊಬ್ಬರು ಸತ್ತರು. ಅದು ರಸ್ತೆ. ಅಲ್ಲಿ ರೈಲ್ವೆ ಕಾಯ್ದೆ ನಡೆಯುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಗೆ 26 ಮಂದಿ ಬಲಿಯಾದಾಗ ಜಮ್ಮು ಮತ್ತು ಕಾಶ್ಮೀರ ಸರ್ಕಾರ ತಲಾ 10 ಲಕ್ಷ ಘೋಷಿಸಿತು. ಕರ್ನಾಟಕ ತನ್ನವರಿಗೆ ಮತ್ತೆ 10 ಲಕ್ಷ ಎಂದಿತು. ಕೊಟ್ಟದ್ದು ಸರಿಯೇ. ಆದರೆ ಇಡೀ ದೇಶ ಕಣ್ಣಿಟ್ಟ ಸಾವಿಗೆ ಒಂದು ಮೊತ್ತ, ಯಾರ ಗಮನಕ್ಕೂ ಬಾರದ ಸಾವಿಗೆ ಇನ್ನೊಂದು ಎಂದಾದರೆ ಅದು ನ್ಯಾಯವಲ್ಲ, ಔದಾರ್ಯ.

ಯುಎಪಿಎಗೆ ಮುಂದಿನ ತಿದ್ದುಪಡಿ ಬಂದಾಗ ಸಂಸದರು ಜಾಮೀನಿನ ಜತೆ ಇದನ್ನೂ ಎತ್ತಬೇಕು: ರೈಲು ಬೋಗಿಯೊಳಗೆ ಸಿಗುವ ಹಕ್ಕು ಬಸ್ ನಿಲ್ದಾಣದಲ್ಲಿ ನಿಂತವರಿಗೂ ಸಿಗಲಿ, ಮೊತ್ತವೂ ಗಡುವೂ ಕಾಯ್ದೆಯಲ್ಲೇ ಬರೆದಿರಲಿ.